ಗರ್ಭಿಣಿಯರೂ ಚಿಗಟ-ಉಣುಗಿನ ಜ್ವರಗಳೂ: ನಗರವಾಸಿಗಳಿಗೊಂದು ಮಾರ್ಗದರ್ಶಿ

ಉಷ್ಣವಲಯದ ನಗರಗಳಲ್ಲಿ ಗರ್ಭಿಣಿಯರಿಗೆ ಸೊಳ್ಳೆಯ ವಿಷಯದಲ್ಲಿ ಎಚ್ಚರಿಕೆ ಹೇಳದವರಿಲ್ಲ. ಡೆಂಗಿ, ಮಲೇರಿಯಾ, ಜೀಕಾ ಎಂಬ ಹೆಸರುಗಳು ತಪಾಸಣೆಯ ಮೊದಲ ಭೇಟಿಗಳಲ್ಲೇ ಕಿವಿಗೆ ಬೀಳುತ್ತವೆ. ಚಿಗಟ ಮತ್ತು ಉಣುಗುಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಇವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಇವುಗಳಿಂದ ಬರುವ ಜ್ವರಕ್ಕೆ ತನ್ನದೇ ಆದ ಎದ್ದು ಕಾಣುವ ಗುರುತು ಬಹಳ ಸಲ ಇರುವುದಿಲ್ಲ. ಸಾಮಾನ್ಯ ಜ್ವರಕ್ಕೆ ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಇವುಗಳ ಪರೀಕ್ಷೆ ಸೇರಿರುವುದೂ ಅಪರೂಪ. ಉಷ್ಣವಲಯದ ಹಲವು ದೇಶಗಳಲ್ಲಿ ಜನರ ರಕ್ತವನ್ನು ಪರೀಕ್ಷಿಸಿದಾಗ, ಇಂಥ ಕಾಯಿಲೆ ಬಂದ ನೆನಪೇ ಇಲ್ಲದವರಲ್ಲೂ ಅದರ ಪ್ರತಿಕಾಯಗಳು, ಎಂದರೆ ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವ ರಕ್ಷಕ ಅಂಶಗಳು, ಸಿಕ್ಕಿವೆ. ಸೋಂಕು ಬಂದು, ಗೊತ್ತೇ ಆಗದೆಯೋ ಬೇರೆ ಯಾವುದೋ ಹೆಸರಿನಲ್ಲೋ ಹೋಗಿದೆ ಎಂದು ಇದರ ಅರ್ಥ.

ಹೆಚ್ಚಿನವರಲ್ಲಿ ಅದು ಹೀಗೆ ಬಂದು ಹೀಗೆ ಹೋದರೆ ಚಿಂತೆಯಿಲ್ಲ. ಗರ್ಭಿಣಿಯ ಲೆಕ್ಕ ಬೇರೆ. ಈ ಗುಂಪಿನ ಕೆಲವು ಸೋಂಕುಗಳು ಗರ್ಭಪಾತ, ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಮಗು, ಹೊಟ್ಟೆಯಲ್ಲೇ ಮಗುವಿನ ಸಾವು ಇವುಗಳಿಗೆ ಕಾರಣವಾಗಬಲ್ಲವು. ಒಳ್ಳೆಯ ಸಂಗತಿಯೆಂದರೆ ಇವುಗಳಲ್ಲಿ ಬಹುತೇಕ ಎಲ್ಲಕ್ಕೂ ಅಗ್ಗದ, ಹಳೆಯ, ಚೆನ್ನಾಗಿ ಕೆಲಸ ಮಾಡುವ ಔಷಧಗಳಿವೆ. ಆದ್ದರಿಂದ ನಿಜವಾದ ಅಪಾಯ ಕಡಿತಕ್ಕಿಂತ ಹೆಚ್ಚಾಗಿ ತಪ್ಪು ತಿಳಿದ ಜ್ವರದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಹಂತಗಳಲ್ಲಿ ಮೊದಲರ್ಧ ಕಡಿತವನ್ನು ತಪ್ಪಿಸಿಕೊಳ್ಳುವ ಬಗ್ಗೆ, ಉಳಿದರ್ಧ ಜ್ವರ ಬಂದಾಗ ವೈದ್ಯರ ಮುಂದೆ ಏನು ಹೇಳಬೇಕು, ಏನು ಕೇಳಬೇಕು ಎಂಬುದರ ಬಗ್ಗೆ ಇದೆ.

ಮೊದಲ ಹಂತ: ಯಾವ ಜೀವಿ, ಯಾವ ಜ್ವರ

ಚಿಗಟವೆಂದರೆ ಎರಡು-ಮೂರು ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ, ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಕಂದು ಕೀಟ. ಹಿಡಿಯಲು ಹೋದರೆ ಜಿಗಿಯುತ್ತದೆ. ಉಣುಗು ಜಿಗಿಯುವುದಿಲ್ಲ, ಹಾರುವುದಿಲ್ಲ. ತೆವಳಿ ಬಂದು ಚರ್ಮಕ್ಕೆ ಕಚ್ಚಿಕೊಂಡು ದಿನಗಟ್ಟಲೆ ರಕ್ತ ಹೀರುತ್ತದೆ. ಬಲಿತ ಉಣುಗಿಗೆ ಎಂಟು ಕಾಲು, ಮರಿಗೆ ಆರು. ಇವೆರಡರ ಜೊತೆಗೆ ಮೂರನೆಯದೊಂದನ್ನು ಇಲ್ಲಿ ಸೇರಿಸಿಕೊಳ್ಳಲೇಬೇಕು: ಹುಲ್ಲು-ಪೊದೆಗಳಲ್ಲಿರುವ ಒಂದು ಬಗೆಯ ನುಸಿಯ ಮರಿ. ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಚಿಕ್ಕದಾದ ಇದು ಹರಡುವ ಸ್ಕ್ರಬ್ ಟೈಫಸ್ ಜ್ವರ ಲಕ್ಷಣದಲ್ಲೂ ಚಿಕಿತ್ಸೆಯಲ್ಲೂ ಉಳಿದೆರಡರ ಜ್ವರಗಳಿಗೆ ಹತ್ತಿರದ್ದು; ವೈದ್ಯರೂ ಮೂರನ್ನೂ ಒಟ್ಟಿಗೇ ಯೋಚಿಸುತ್ತಾರೆ.

ನಗರದ ಮಟ್ಟಿಗೆ ಮೊದಲು ತಿಳಿಯಬೇಕಾದದ್ದು ಮ್ಯೂರಿನ್ ಟೈಫಸ್. ರಿಕೆಟ್ಸಿಯಾ ಟೈಫಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇಲಿ-ಹೆಗ್ಗಣಗಳ ಮೈಮೇಲಿನ ಚಿಗಟ ಇದರ ವಾಹಕ. ಸೋಂಕು ಸೇರುವ ದಾರಿ ಸ್ವಲ್ಪ ವಿಚಿತ್ರವಾದದ್ದು. ಚಿಗಟ ಕಚ್ಚಿದ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ನಾವು ತುರಿಸಿಕೊಂಡಾಗ ಆ ಹಿಕ್ಕೆ ಗಾಯದೊಳಕ್ಕೆ ಹೋಗುತ್ತದೆ. ಒಣಗಿದ ಹಿಕ್ಕೆ ಧೂಳಾಗಿ ಉಸಿರಿನ ಜೊತೆ ಸೇರುವುದೂ ಉಂಟು. 1920ರ ದಶಕದಲ್ಲಿ ಮಲಯದ (ಇಂದಿನ ಮಲೇಷ್ಯಾ) ಕ್ವಾಲಾಲಂಪುರದಲ್ಲಿ ವಿಲಿಯಂ ಫ್ಲೆಚರ್ ಮತ್ತು ಜೆ. ಇ. ಲೆಸ್ಲರ್ ಎಂಬ ಸಂಶೋಧಕರು ಟೈಫಸ್ ಜ್ವರವನ್ನು ಎರಡಾಗಿ ವಿಂಗಡಿಸಿದರು. ತೋಟ-ಪೊದೆಗಳಲ್ಲಿ ದುಡಿಯುವವರಿಗೆ ಬರುವುದು ಒಂದು, ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಬರುವುದು ಇನ್ನೊಂದು. ಆ ಅಂಗಡಿ ಟೈಫಸ್ಸೇ ಇಂದಿನ ಮ್ಯೂರಿನ್ ಟೈಫಸ್. ದಾಸ್ತಾನು, ಗೋದಾಮು, ಮಾರುಕಟ್ಟೆ, ಬಂದರು ಎಲ್ಲಿವೆಯೋ ಅಲ್ಲಿ ಇಲಿಯಿದೆ; ಇಲಿಯಿದ್ದಲ್ಲಿ ಈ ಜ್ವರಕ್ಕೆ ನೆಲೆಯಿದೆ.

ಬೆಕ್ಕು-ನಾಯಿಗಳ ಮೇಲೆ ಸಾಮಾನ್ಯವಾಗಿ ಕಾಣುವ ಬೆಕ್ಕಿನ ಚಿಗಟ ರಿಕೆಟ್ಸಿಯಾ ಫೆಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತದೆ. ಬೆಕ್ಕು ಪರಚಿದಾಗ ಬರುವ ಬಾರ್ಟೊನೆಲ್ಲಾ ಸೋಂಕಿಗೂ ಉಗುರಿನಡಿ ಸೇರಿದ ಚಿಗಟದ ಹಿಕ್ಕೆಯೇ ಮೂಲ. ನಾಯಿಯ ಕಂದು ಉಣುಗು ಚುಕ್ಕೆ ಜ್ವರಗಳನ್ನು, ಎಂದರೆ ಮೈಮೇಲೆ ಚುಕ್ಕೆಗಳೇಳುವ ರಿಕೆಟ್ಸಿಯಾ ಜ್ವರಗಳನ್ನು, ಹರಡುತ್ತದೆ. ಈ ಉಣುಗು ಕಾಡಿನದಲ್ಲ, ಮನೆಯದು. ಮೊಟ್ಟೆಯಿಂದ ಬಲಿಯುವವರೆಗಿನ ಇಡೀ ಬದುಕನ್ನು ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ನಾಯಿ ಮಲಗುವ ಮೂಲೆ ಇವುಗಳ ನಡುವೆಯೇ ಮುಗಿಸಬಲ್ಲದು. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆಯಿಡುತ್ತದೆ. ಮೆಕ್ಸಿಕೋದ ಮೆಕ್ಸಿಕಾಲಿಯಂತಹ ಸುಡುಬಿಸಿಲಿನ ನಗರದಲ್ಲಿ 2000ದ ದಶಕದ ಕೊನೆಯಿಂದ ಕಾಣಿಸಿಕೊಂಡ ಮಾರಕ ಚುಕ್ಕೆ ಜ್ವರದ ಹಿಂದೆ ಇದ್ದದ್ದು ಬೀದಿ ನಾಯಿಗಳ ಮೇಲಿನ ಇದೇ ಉಣುಗು.

ತಿಗಣೆಯ ಬಗ್ಗೆ ಕೇಳುವವರಿದ್ದಾರೆ. ತಿಗಣೆ ನಿದ್ದೆ ಕೆಡಿಸುತ್ತದೆ, ಆದರೆ ಈ ಜ್ವರಗಳನ್ನು ತರುವುದಿಲ್ಲ. ಬೆಕ್ಕು ಸಾಕಿದವರಿಗೆ ಎಲ್ಲರೂ ಹೇಳುವ ಟಾಕ್ಸೊಪ್ಲಾಸ್ಮಾ ಕೂಡ ಚಿಗಟದಿಂದ ಬರುವುದಲ್ಲ. ಅದು ಬೆಕ್ಕಿನ ಮಲ ಮತ್ತು ಸರಿಯಾಗಿ ಬೇಯದ ಮಾಂಸದ ವಿಷಯ.

ಎರಡನೇ ಹಂತ: ಮನೆಯನ್ನು ಒಮ್ಮೆ ಪರಿಶೀಲಿಸಿ

ಗರ್ಭ ಖಚಿತವಾದ ಮೊದಲ ವಾರಗಳಲ್ಲೇ ಈ ಕೆಲಸ ಆದರೆ ಒಳ್ಳೆಯದು. ಗರ್ಭಿಣಿಯೇ ಮಾಡಬೇಕೆಂದಿಲ್ಲ, ಮನೆಯ ಬೇರೆಯವರು ಮಾಡುವುದೇ ಸರಿ. ಇಲಿಯ ಹಿಕ್ಕೆ, ಕಡಿದ ಚೀಲ, ಗೋಡೆಯಂಚಿನಲ್ಲಿ ಇಲಿ ಓಡಾಡಿ ಓಡಾಡಿ ಮೂಡಿದ ಜಿಡ್ಡಿನ ಕಪ್ಪು ಗೆರೆ ಇವೆಯೇ ಎಂದು ಅಡುಗೆಮನೆ, ಅಟ್ಟ, ಮೆಟ್ಟಿಲ ಕೆಳಗಿನ ಜಾಗಗಳಲ್ಲಿ ನೋಡಬೇಕು. ಹಳೆಯ ರಟ್ಟಿನ ಪೆಟ್ಟಿಗೆ, ಕಾಗದದ ರಾಶಿ, ಬಳಸದ ಹಾಸಿಗೆ ಇವೇ ಇಲಿಗೆ ಗೂಡು ಕಟ್ಟಲು ಇಷ್ಟವಾದ ಜಾಗಗಳು.

ಸಾಕುಪ್ರಾಣಿಯ ಮೇಲೆ ಚಿಗಟ ಇದೆಯೇ ಎಂದು ತಿಳಿಯಲು ಚಿಗಟವನ್ನೇ ಹಿಡಿಯಬೇಕಿಲ್ಲ. ಹಲ್ಲು ಒತ್ತಾಗಿರುವ ಬಾಚಣಿಗೆಯಿಂದ ಪ್ರಾಣಿಯ ಬೆನ್ನಿನ ಹಿಂಭಾಗವನ್ನು, ಬಾಲದ ಬುಡವನ್ನು ಬಾಚಿ, ಉದುರಿದ್ದನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಕೊಡವಿ ಒಂದೆರಡು ನಿಮಿಷ ಬಿಡಿ. ಬರೀ ಮಣ್ಣಾದರೆ ಹಾಗೆಯೇ ಇರುತ್ತದೆ. ಕಪ್ಪು ಪುಡಿಯ ಸುತ್ತ ಕೆಂಪುಮಿಶ್ರಿತ ಕಂದು ಬಣ್ಣ ಕಾಗದಕ್ಕೆ ಇಳಿದರೆ ಅದು ಚಿಗಟದ ಹಿಕ್ಕೆ. ಆ ಬಣ್ಣ ಜೀರ್ಣವಾದ ರಕ್ತದ್ದು. ಉಣುಗನ್ನು ಹುಡುಕಬೇಕಾದದ್ದು ನಾಯಿಯ ಕಿವಿಯ ಒಳಗೆ, ಕಾಲ್ಬೆರಳುಗಳ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ. ನಾಯಿಯಿಂದ ಇಳಿದ ಕಂದು ಉಣುಗು ನೆಲದಲ್ಲಿ ಉಳಿಯದೆ ಗೋಡೆಯ ಮೇಲಕ್ಕೆ ಹತ್ತುವ ಸ್ವಭಾವದ್ದು, ಆದ್ದರಿಂದ ನೆಲವನ್ನಷ್ಟೇ ಗುಡಿಸಿದರೆ ಅದು ಸಿಗುವುದಿಲ್ಲ.

ತಿಂಗಳುಗಟ್ಟಲೆ ಮುಚ್ಚಿದ್ದ ಮನೆಗೆ ಬಸುರಿನಲ್ಲಿ ಹೋಗಿ ಇರಬೇಕಾದವರು ಒಂದು ವಿಷಯ ಗಮನಿಸಿ. ಚಿಗಟದ ಕೋಶಾವಸ್ಥೆ ತಿಂಗಳುಗಳ ಕಾಲ ಸುಮ್ಮನೆ ಕಾದಿದ್ದು, ಹೆಜ್ಜೆಯ ಕಂಪನ, ಮೈಯ ಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವುಗಳ ಸುಳಿವು ಸಿಕ್ಕೊಡನೆ ಒಟ್ಟಿಗೇ ಒಡೆದು ಹೊರಬರುತ್ತದೆ. ಹಿಂದಿನ ಬಾಡಿಗೆದಾರರು ನಾಯಿ-ಬೆಕ್ಕು ಸಾಕಿದ್ದರೆ, ಅಥವಾ ಖಾಲಿ ಮನೆಯಲ್ಲಿ ಇಲಿ ಸೇರಿದ್ದರೆ, ಗರ್ಭಿಣಿ ಕಾಲಿಡುವ ಮುಂಚೆ ಬೇರೆಯವರು ಹೋಗಿ ಸ್ವಚ್ಛ ಮಾಡಿ, ಕೀಟನಾಶಕ ಬೇಕಾದರೆ ಹೊಡೆಸಿ, ಕಿಟಕಿ ತೆರೆದು ಗಾಳಿಯಾಡಿಸಿರಬೇಕು.

ಸ್ವಚ್ಛ ಮಾಡುವ ಕ್ರಮವೂ ಮುಖ್ಯ. ಇಲಿಯ ಹಿಕ್ಕೆ ಬಿದ್ದ ಜಾಗವನ್ನು ಒಣಗಿದ್ದಾಗ ಗುಡಿಸಬಾರದು. ಸೋಂಕುನಾಶಕ ಬೆರೆಸಿದ ನೀರು ಚಿಮುಕಿಸಿ, ನೆನೆದ ಮೇಲೆ ಕೈಗವಸು ಹಾಕಿಕೊಂಡು ಒರೆಸಿ ತೆಗೆಯಬೇಕು. ಚಿಗಟ ಇರುವ ಮನೆಯಲ್ಲಿ ಪ್ರಾಣಿಯ ಹಾಸು, ಜಮಖಾನೆ, ದಿಂಬಿನ ಗವುಸುಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಅದರ ಚೀಲವನ್ನು ಕೂಡಲೇ ಕಟ್ಟಿ ಹೊರಗೆ ಹಾಕಬೇಕು.

ಮೂರನೇ ಹಂತ: ಪ್ರಾಣಿಗೆ ಚಿಕಿತ್ಸೆ, ಮನೆಬಿಡುಗಡೆಯಲ್ಲ

ಬಸುರಾದ ಕೂಡಲೇ ನಾಯಿ-ಬೆಕ್ಕನ್ನು ಹೊರಗೆ ಕಳಿಸಬೇಕೆಂಬ ಒತ್ತಾಯ ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಇದರಿಂದ ಲಾಭ ಕಡಿಮೆ, ಕೆಲವೊಮ್ಮೆ ನಷ್ಟವೇ ಹೆಚ್ಚು. ಮನೆಯಲ್ಲಿ ಈಗಾಗಲೇ ಉದುರಿರುವ ಮೊಟ್ಟೆ ಮತ್ತು ಕೋಶಗಳಿಂದ ಹೊರಬರುವ ಚಿಗಟಕ್ಕೆ ಪ್ರಾಣಿ ಸಿಗದಿದ್ದರೆ ಮನುಷ್ಯನೇ ಗತಿ. ಔಷಧ ಹಾಕಿದ ಪ್ರಾಣಿ ಮನೆಯಲ್ಲಿದ್ದರೆ ಅದರ ಮೇಲೆ ಹತ್ತಿದ ಚಿಗಟವೆಲ್ಲ ಸಾಯುತ್ತಾ ಹೋಗುತ್ತದೆ.

ಪಶುವೈದ್ಯರ ಬಳಿ ಹೋದಾಗ ಮನೆಯಲ್ಲಿ ಗರ್ಭಿಣಿ ಇದ್ದಾರೆ ಎಂದು ತಿಳಿಸಿ. ನಾಯಿಗೆ ಬಾಯಿಯ ಮೂಲಕ ಕೊಡುವ ಫ್ಲೂರಲೇನರ್, ಅಫಾಕ್ಸೊಲೇನರ್ ಮುಂತಾದ ಮಾತ್ರೆಗಳು ರಕ್ತದ ಮೂಲಕ ಕೆಲಸ ಮಾಡುವುದರಿಂದ ರೋಮದ ಮೇಲೆ ರಾಸಾಯನಿಕ ಉಳಿಯುವುದಿಲ್ಲ. ಗರ್ಭಿಣಿ ಇರುವ ಮನೆಗೆ ಇದು ಅನುಕೂಲ. ಹಿಂದೆ ಫಿಟ್ಸ್ ಬಂದಿರುವ ನಾಯಿಗೆ ಇವನ್ನು ಕೊಡುವ ಮುನ್ನ ಆ ಸಂಗತಿಯನ್ನು ಹೇಳಲೇಬೇಕು. ಬೆನ್ನ ಮೇಲೆ ಹನಿಸುವ ಔಷಧವಾದರೆ ಬೇರೆಯವರು ಹಾಕಲಿ, ಒಣಗುವವರೆಗೆ ಗರ್ಭಿಣಿ ಮುಟ್ಟದಿರಲಿ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಎಂದೂ ಹಾಕಬಾರದು, ಬೆಕ್ಕು ಸಾಯಬಹುದು. ಒಂದೇ ಪ್ರಾಣಿಗೆ ಔಷಧ ಹಾಕಿ ಉಳಿದವನ್ನು ಬಿಟ್ಟರೂ ಪ್ರಯೋಜನವಿಲ್ಲ. ಬೀದಿ ನಾಯಿ ಮೆಟ್ಟಿಲ ಕೆಳಗೆ ಅಥವಾ ವಾಹನ ನಿಲ್ಲಿಸುವ ಜಾಗದಲ್ಲಿ ಮಲಗುವ ಅಭ್ಯಾಸವಿದ್ದರೆ ಅಲ್ಲಿಯ ಗೋಡೆಯ ಬಿರುಕುಗಳನ್ನು ಮುಚ್ಚಿಸುವುದು, ಸ್ಥಳೀಯ ಆಡಳಿತದ ಮೂಲಕ ನಾಯಿಗಳಿಗೆ ಉಣುಗಿನ ಔಷಧ ಕೊಡಿಸುವುದು, ನಾಯಿಯನ್ನು ಓಡಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಓಡಿಸಿದ ನಾಯಿ ತಾನು ಹೋಗುತ್ತದೆ, ಇಳಿದ ಉಣುಗು ಇಲ್ಲೇ ಇರುತ್ತದೆ.

ನಾಲ್ಕನೇ ಹಂತ: ಮೊದಲು ಚಿಗಟ, ಆಮೇಲೆ ಇಲಿ

ಹೆಚ್ಚಿನವರು ಎಡವುವುದು ಇಲ್ಲಿ. ಇಲಿ ಕಂಡೊಡನೆ ಪಾಷಾಣ ಇಡುತ್ತಾರೆ. ಇಲಿ ಎಲ್ಲೋ ಸಂದಿಯಲ್ಲಿ ಸಾಯುತ್ತದೆ. ಮೈ ತಣ್ಣಗಾದ ಇಲಿಯನ್ನು ಬಿಟ್ಟು ಚಿಗಟಗಳು ಬಿಸಿ ರಕ್ತದ ಬೇರೆ ಮೈ ಹುಡುಕಿಕೊಂಡು ಹೊರಡುತ್ತವೆ. ಹೀಗಾಗಿ ಇಲಿ ಕೊಂದ ಮರುದಿನಗಳೇ ಮನೆಯವರಿಗೆ ಚಿಗಟ ಕಚ್ಚುವ ದಿನಗಳು. ಪ್ಲೇಗಿನ ಕಾಲದಿಂದಲೂ ಆರೋಗ್ಯ ಇಲಾಖೆಗಳು ಪಾಲಿಸಿಕೊಂಡು ಬಂದ ಕ್ರಮವೆಂದರೆ ಇಲಿಯ ಬಿಲ, ಓಡಾಡುವ ದಾರಿಗಳಿಗೆ ಮೊದಲು ಚಿಗಟ ಕೊಲ್ಲುವ ಕೀಟನಾಶಕ, ಆಮೇಲಷ್ಟೇ ಇಲಿಗೆ ಬೋನು ಅಥವಾ ಪಾಷಾಣ.

ಕೀಟನಾಶಕ ಹೊಡೆಯುವಾಗ ಗರ್ಭಿಣಿ ಮನೆಯಲ್ಲಿರಬಾರದು. ಸಂಪೂರ್ಣ ಒಣಗಿ, ಗಾಳಿಯಾಡಿದ ಮೇಲೆ ಮರಳಬೇಕು. ಯಾವ ಔಷಧ ಹೊಡೆದರೆಂದು ಬರೆಸಿಟ್ಟುಕೊಳ್ಳಿ. ಕೋಶದೊಳಗಿನ ಚಿಗಟಕ್ಕೆ ಕೀಟನಾಶಕ ತಾಗುವುದಿಲ್ಲವಾದ್ದರಿಂದ ಎರಡು-ಮೂರು ವಾರಗಳ ನಂತರ ಇನ್ನೊಮ್ಮೆ ಬೇಕಾಗಬಹುದು. ಮೊದಲ ಸಲದ ಔಷಧ ಕೆಲಸ ಮಾಡಲಿಲ್ಲವೆಂದು ಎರಡು ಪಟ್ಟು ಹೊಡೆಸುವ ಅಗತ್ಯವಿಲ್ಲ. ಸತ್ತ ಇಲಿಯನ್ನು ಗರ್ಭಿಣಿ ಎತ್ತಬಾರದು. ಎತ್ತುವವರು ಕೈಗವಸು ತೊಟ್ಟು, ಅದರ ಮೇಲೆ ಕೀಟನಾಶಕ ಸಿಂಪಡಿಸಿ, ಎರಡು ಪದರ ಚೀಲದಲ್ಲಿ ಕಟ್ಟಿ ಹಾಕಬೇಕು.

ಶಾಶ್ವತ ಪರಿಹಾರವೆಂದರೆ ಇಲಿ ಒಳಗೆ ಬಾರದಂತೆ ಮಾಡುವುದು. ಪೈಪು ಗೋಡೆ ಸೇರುವ ಜಾಗದ ಕಿಂಡಿಗಳನ್ನು ಉಕ್ಕಿನ ನಾರು ತುಂಬಿ ಸಿಮೆಂಟ್ ಬಳಿದು ಮುಚ್ಚಿ. ಬಚ್ಚಲಿನ ನೀರು ಹೋಗುವ ದಾರಿಗೆ ಲೋಹದ ಜಾಲರಿ ಹಾಕಿಸಿ. ಕಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಯಾರೂ ಪಾಷಾಣ ಇಡದೆ ಒಂದು ಬೀದಿಯಲ್ಲಿ ಇಲಿಗಳು ಮೇಲಿಂದ ಮೇಲೆ ಸತ್ತು ಬೀಳುತ್ತಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು, ಏಕೆಂದರೆ ಅದು ಪ್ಲೇಗಿನ ಹಳೆಯ ಮುನ್ಸೂಚನೆ. ಪ್ಲೇಗು ಅಪರೂಪವಾಗಿದೆ, ಆದರೆ ಹೋಗಿಲ್ಲ. 2017ರಲ್ಲಿ ಮಡಗಾಸ್ಕರ್‌ನ ರಾಜಧಾನಿ ಅಂಟನಾನರಿವೊದಲ್ಲೇ ಅದು ಹರಡಿತ್ತು.

ಐದನೇ ಹಂತ: ಮೈಯ ರಕ್ಷಣೆ, ಮೈಯ ತಪಾಸಣೆ

ಡೀಟ್, ಪಿಕಾರಿಡಿನ್, ಐಆರ್3535 ಇವುಗಳಲ್ಲಿ ಯಾವುದಾದರೂ ಇರುವ ಕೀಟನಿವಾರಕವನ್ನು ಪೊಟ್ಟಣದ ಸೂಚನೆಯಂತೆ ಗರ್ಭಿಣಿಯರು ಬಳಸಬಹುದು. ಡೀಟ್ ಬಗ್ಗೆ ಹಲವರಿಗೆ ಭಯವಿದೆ. ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯಲ್ಲಿ ಗರ್ಭದ ಎರಡನೇ ಮತ್ತು ಮೂರನೇ ತ್ರೈಮಾಸಿಕದಲ್ಲಿದ್ದ ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿತ್ಯ ಹಚ್ಚಿಕೊಂಡವರಿಗೂ ಅವರ ಮಕ್ಕಳಿಗೂ ತೊಂದರೆ ಕಂಡುಬಂದಿರಲಿಲ್ಲ. ತೆರೆದ ಚರ್ಮಕ್ಕೆ ಮಾತ್ರ ಹಚ್ಚಿ, ಬಟ್ಟೆಯ ಕೆಳಗೆ ಬೇಡ. ಮನೆಗೆ ಬಂದ ಮೇಲೆ ತೊಳೆದುಕೊಳ್ಳಿ.

ಉದ್ಯಾನದಲ್ಲಿ ನಡೆಯುವ ಗರ್ಭಿಣಿಯರು ಹಾದಿಯ ನಡುವೆ ನಡೆಯಲಿ, ಹುಲ್ಲಿನ ಮೇಲೆ ನೇರವಾಗಿ ಕೂರದಿರಲಿ. ಖಾಲಿ ನಿವೇಶನಗಳಲ್ಲಿ ಬೆಳೆದ ಹುಲ್ಲು, ಪೊದೆ, ಅದರೊಳಗಿನ ಇಲಿ, ಇವು ಸೇರಿದರೆ ನಗರದ ಮಧ್ಯದಲ್ಲೂ ಸ್ಕ್ರಬ್ ಟೈಫಸ್ ಬರಬಲ್ಲದು.

ಮನೆಗೆ ಬಂದು ಸ್ನಾನ ಮಾಡುವಾಗ ಮೈಯನ್ನು ನೋಡಿಕೊಳ್ಳಬೇಕು. ಐದು-ಆರು ತಿಂಗಳು ತುಂಬಿದ ಮೇಲೆ ಇದು ಹೇಳಿದಷ್ಟು ಸುಲಭವಲ್ಲ: ಹೊಟ್ಟೆಯ ಕೆಳಭಾಗ, ತೊಡೆಯ ಸಂದಿ, ಮೊಣಕಾಲಿನ ಹಿಂಬದಿ ಗರ್ಭಿಣಿಯ ಕಣ್ಣಿಗೇ ಬೀಳುವುದಿಲ್ಲ. ಉಣುಗು ಮತ್ತು ನುಸಿ ಕೂರುವುದೂ ಅಲ್ಲೇ. ಜೊತೆಗೆ ಕಂಕುಳು, ಸ್ತನದ ಕೆಳಭಾಗ, ಕಿವಿಯ ಹಿಂದೆ, ಬಟ್ಟೆಯ ದಾರ ಬಿಗಿಯುವ ಸೊಂಟದ ಸುತ್ತು. ಆದ್ದರಿಂದ ನಂಬಿಕೆಯ ಒಬ್ಬರು ನೋಡಿ ಹೇಳಬೇಕು, ಅಥವಾ ಕೈಗನ್ನಡಿ ಹಿಡಿದು ನೋಡಿಕೊಳ್ಳಬೇಕು. ನೋಯದ, ತುರಿಸದ, ಸುತ್ತ ಕೆಂಪಾದ, ನಡುವೆ ಸಿಗರೇಟಿನಿಂದ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆ ಸಿಕ್ಕರೆ ಅದನ್ನು ಕೀಳಬೇಡಿ, ವೈದ್ಯರಿಗೆ ತೋರಿಸಿ. ಸ್ಕ್ರಬ್ ಟೈಫಸ್ಸಿನ, ಕೆಲವು ಚುಕ್ಕೆ ಜ್ವರಗಳ ಅತಿ ಮುಖ್ಯ ಸುಳಿವು ಅದು. ಮ್ಯೂರಿನ್ ಟೈಫಸ್ಸಿನಲ್ಲಿ ಇದು ಇರುವುದಿಲ್ಲ. ಹಾಗಾಗಿ ಹಕ್ಕಳೆ ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ಕಚ್ಚಿಕೊಂಡ ಉಣುಗನ್ನು ತೆಗೆಯುವ ಬಗೆ

ಸೀಮೆಎಣ್ಣೆ, ಸುಣ್ಣ, ವ್ಯಾಸಲೀನ್, ಬೆಂಕಿಕಡ್ಡಿ ಯಾವುದೂ ಬೇಡ. ಇವುಗಳಿಂದ ಉಣುಗು ಬಿಡುವುದು ತಡವಾಗುತ್ತದೆ, ಕೆರಳಿದ ಉಣುಗು ಹೆಚ್ಚು ಜೊಲ್ಲನ್ನು ಒಳಕ್ಕೆ ಬಿಡಲೂಬಹುದು. ತೆಳು ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ, ಉಣುಗಿನ ಬಾಯಿಯ ಬಳಿ ಹಿಡಿದು, ತಿರುಚದೆ, ಎಳೆದು ಹರಿಯದೆ, ಒಂದೇ ಸಮನೆ ಮೇಲಕ್ಕೆ ಎಳೆಯಿರಿ. ಬಾಯಿಯ ತುಣುಕು ಚರ್ಮದಲ್ಲಿ ಉಳಿದರೆ ಸುಲಭವಾಗಿ ಬಂದರೆ ತೆಗೆಯಿರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಚರ್ಮ ತಾನೇ ಹೊರದಬ್ಬುತ್ತದೆ. ಕೈಯನ್ನೂ ಕಡಿತದ ಜಾಗವನ್ನೂ ಸಾಬೂನಿನಿಂದ ತೊಳೆಯಿರಿ. ಉಗುರಿನಿಂದ ಉಣುಗನ್ನು ಹೊಸಕಬೇಡಿ. ಅದರ ಹೊಟ್ಟೆಯ ದ್ರವದಲ್ಲೇ ಸೋಂಕಿರಬಹುದು. ಸಣ್ಣ ಡಬ್ಬಿಯಲ್ಲಿ ಸ್ಪಿರಿಟ್ ಹಾಕಿ ಅದರಲ್ಲಿ ಉಣುಗನ್ನು ಇಟ್ಟು, ಮೇಲೆ ದಿನಾಂಕ ಬರೆದಿಡಿ. ಕಚ್ಚಿತೆಂದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ನುಂಗುವ ಅಗತ್ಯವಿಲ್ಲ. ಮೂರು ವಾರಗಳವರೆಗೆ ಜ್ವರದ ಮೇಲೆ ಗಮನವಿರಲಿ. ಮ್ಯೂರಿನ್ ಟೈಫಸ್ ಸಾಮಾನ್ಯವಾಗಿ ಒಂದರಿಂದ ಎರಡು ವಾರದಲ್ಲಿ, ಸ್ಕ್ರಬ್ ಟೈಫಸ್ 6ರಿಂದ 21 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ.

ಜ್ವರ ಬಂದಾಗ

ಗರ್ಭಿಣಿಗೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಬಂದರೆ ಕಾರಣ ಯಾವುದೇ ಇರಲಿ, ಅದೇ ದಿನ ವೈದ್ಯರನ್ನು ಕಾಣಬೇಕು. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ವೈದ್ಯರು ಹೇಳದೆ ತೆಗೆದುಕೊಳ್ಳಬಾರದು, ವಿಶೇಷವಾಗಿ 20 ವಾರಗಳ ನಂತರ. ಉಳಿದಿರುವ ಹಳೆಯ ಆ್ಯಂಟಿಬಯೋಟಿಕ್ ಮಾತ್ರೆ ನುಂಗುವುದಂತೂ ಎರಡು ರೀತಿಯಲ್ಲಿ ಹಾನಿ. ಅಮಾಕ್ಸಿಸಿಲಿನ್ ಅಥವಾ ಸೆಫಲೊಸ್ಪೊರಿನ್ ಗುಂಪಿನ ಔಷಧಗಳು ರಿಕೆಟ್ಸಿಯಾ ಸೋಂಕುಗಳಿಗೆ ನಾಟುವುದೇ ಇಲ್ಲ, ಆದರೂ ಔಷಧ ನಡೆಯುತ್ತಿದೆ ಎಂಬ ಭ್ರಮೆಯಲ್ಲಿ ದಿನಗಳು ಕಳೆಯುತ್ತವೆ.

ಗೊಂದಲ ಹುಟ್ಟುವುದು ರಕ್ತಪರೀಕ್ಷೆಯ ವರದಿ ಬಂದಾಗ. ಈ ಜ್ವರಗಳಲ್ಲಿ ತೀವ್ರ ತಲೆನೋವು, ಮೈಕೈ ನೋವು, ವಾಂತಿ, ಪ್ಲೇಟ್‌ಲೆಟ್ ಇಳಿಕೆ, ಲಿವರ್ ಕಿಣ್ವಗಳ ಏರಿಕೆ ಸಾಮಾನ್ಯ. ಪ್ಲೇಟ್‌ಲೆಟ್ ಇಳಿದಿದ್ದರೆ ಡೆಂಗಿ ಎಂದೇ ಎಲ್ಲರ ಮೊದಲ ಊಹೆ. ಗರ್ಭದ ಕೊನೆಯ ತಿಂಗಳುಗಳಲ್ಲಾದರೆ ಇದೇ ಎರಡು ಬದಲಾವಣೆಗಳು ಹೆಲ್ಪ್ ಸಿಂಡ್ರೋಮ್ ಎಂಬ, ರಕ್ತದೊತ್ತಡಕ್ಕೆ ಸಂಬಂಧಿಸಿದ ಗಂಭೀರ ಸ್ಥಿತಿಯಲ್ಲೂ ಕಾಣುತ್ತವೆ. ಅದರ ಚಿಕಿತ್ಸೆಯೆಂದರೆ ಹೆರಿಗೆ ಮಾಡಿಸುವುದು. ಸೋಂಕನ್ನು ಹೆಲ್ಪ್ ಎಂದು ತಿಳಿದರೂ, ಹೆಲ್ಪ್ ಅನ್ನು ಸೋಂಕು ಎಂದು ತಿಳಿದರೂ ಕಷ್ಟ. ಹೆಲ್ಪ್‌ನಲ್ಲಿ ಹೆಚ್ಚು ಜ್ವರ ಸಾಮಾನ್ಯವಲ್ಲ ಎಂಬುದು ವೈದ್ಯರಿಗೆ ಸಿಗುವ ಒಂದು ಸುಳಿವು. ಚರ್ಮದ ಮೇಲಿನ ಗುಳ್ಳೆ-ಕಲೆಗಳು ಇನ್ನೊಂದು: ಮ್ಯೂರಿನ್ ಟೈಫಸ್ಸಿನಲ್ಲಿ ಅವು ಹೆಚ್ಚಾಗಿ ಎದೆ-ಹೊಟ್ಟೆಯ ಭಾಗದಲ್ಲಿ, ಚುಕ್ಕೆ ಜ್ವರಗಳಲ್ಲಿ ಅಂಗೈ-ಅಂಗಾಲುಗಳಲ್ಲೂ ಏಳುತ್ತವೆ. ಆದರೆ ಎಲ್ಲರಲ್ಲೂ ಏಳುವುದಿಲ್ಲ, ಕಪ್ಪು ಚರ್ಮದ ಮೇಲೆ ಎದ್ದರೂ ಕಾಣುವುದು ಕಷ್ಟ.

ಇಂಥಲ್ಲಿ ತೂಕ ಬರುವುದು ರೋಗಿಯ ಮಾತಿಗೆ. ವೈದ್ಯರು ಕೇಳದಿದ್ದರೂ ಹೇಳಬೇಕಾದದ್ದು ಇಷ್ಟು: ಎಷ್ಟನೇ ವಾರದ ಗರ್ಭ, ಜ್ವರ ಶುರುವಾದ ದಿನ, ಮನೆಯಲ್ಲಿ ಅಥವಾ ಕೆಲಸದ ಜಾಗದಲ್ಲಿ ಇಲಿ ಇದೆಯೇ, ಇತ್ತೀಚೆಗೆ ಇಲಿಗೆ ಪಾಷಾಣ ಇಟ್ಟಿದ್ದಿರೇ, ನಾಯಿ-ಬೆಕ್ಕು ಸಾಕಿದ್ದೀರೇ, ಉಣುಗು ತೆಗೆದದ್ದುಂಟೇ, ಮೂರು ವಾರದೊಳಗೆ ಹುಲ್ಲು-ಪೊದೆಯ ಜಾಗಕ್ಕೆ ಹೋಗಿದ್ದಿರೇ, ಕುರಿ-ಮೇಕೆ ಈಯುವ ಜಾಗದ ಬಳಿ ಇದ್ದಿರೇ. ಕೊನೆಯ ಪ್ರಶ್ನೆ ಕ್ಯೂ ಜ್ವರಕ್ಕಾಗಿ. ಅದರ ಬ್ಯಾಕ್ಟೀರಿಯಾ ಉಣುಗಿನಲ್ಲೂ ಇರುತ್ತದೆಯಾದರೂ ಮನುಷ್ಯರಿಗೆ ಹೆಚ್ಚಾಗಿ ಬರುವುದು ಈದ ಪ್ರಾಣಿಯ ಮಾಸು ಮತ್ತು ದ್ರವಗಳಿಂದ ಎದ್ದ ಧೂಳನ್ನು ಉಸಿರಾಡಿದಾಗ. ಗರ್ಭಕ್ಕೆ ಅದು ಹಾನಿಕರ, ಅದರ ಔಷಧವೂ ಬೇರೆ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ವಾಸಿ. ಇಲಿಯ ಸಂಗತಿ ಹೇಳಲು ನಾಚಿಕೆಪಡುವವರೇ ಹೆಚ್ಚು. ವೈದ್ಯರಿಗೆ ಅದು ಮನೆಯ ಮಾನದ ಪ್ರಶ್ನೆಯಲ್ಲ, ರೋಗದ ಸುಳಿವು.

ಪರೀಕ್ಷೆಯ ವರದಿಯನ್ನು ಓದುವಾಗ

ಹಲವು ಕಡೆ ಇಂದಿಗೂ ಸಿಗುವುದು ವೈಲ್-ಫೆಲಿಕ್ಸ್ ಪರೀಕ್ಷೆ. 1916ರಲ್ಲಿ ರೂಪಿಸಿದ ಈ ಪರೀಕ್ಷೆ ಅಗ್ಗ, ಆದರೆ ಸೋಂಕಿದ್ದರೂ ಇಲ್ಲವೆನ್ನುವುದು ಇದರ ದೊಡ್ಡ ಕೊರತೆ. ಸೋಂಕಿನ ಮೊದಲ ದಿನಗಳ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲೈಸಾ ಇದಕ್ಕಿಂತ ಮೇಲು. ರಕ್ತದಿಂದ ಅಥವಾ ಹಕ್ಕಳೆಯಿಂದ ಮಾಡುವ, ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಮೊದಲ ವಾರದಲ್ಲೇ ಸೋಂಕನ್ನು ಹಿಡಿಯಬಲ್ಲದು. ಔಷಧ ಶುರುವಾಗುವ ಮುನ್ನ ರಕ್ತ ತೆಗೆದರೆ ಉತ್ತಮ. ಪ್ರತಿಕಾಯದ ಪರೀಕ್ಷೆಗಳು ಮೊದಲ ಐದಾರು ದಿನ ನೆಗೆಟಿವ್ ಬರುವುದು ಸಹಜ, ಏಕೆಂದರೆ ದೇಹ ಪ್ರತಿಕಾಯ ಮಾಡಲು ಅಷ್ಟು ಸಮಯ ಬೇಕು.

ಐಜಿಜಿ, ಎಂದರೆ ಸೋಂಕು ಹೋದ ಮೇಲೂ ಬಹಳ ಕಾಲ ಉಳಿಯುವ ಪ್ರತಿಕಾಯ, ಪಾಸಿಟಿವ್ ಎಂದು ಬಂದರೆ ಗಾಬರಿಯಾಗುವವರಿಗೆ ಒಂದು ಮಾತು. ಅದು ಹಿಂದೆಂದೋ ಸೋಂಕಿನ ಸಂಪರ್ಕವಾಗಿತ್ತು ಎನ್ನುವುದನ್ನಷ್ಟೇ ಹೇಳಬಹುದು. ಈಗಿನ ಜ್ವರಕ್ಕೆ ಅದೇ ಕಾರಣವೆಂದು ಹೇಳಲು ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ತೆಗೆದ ಎರಡು ಮಾದರಿಗಳಲ್ಲಿ ಪ್ರತಿಕಾಯದ ಪ್ರಮಾಣ ನಾಲ್ಕು ಪಟ್ಟು ಏರಿರಬೇಕು. ಜ್ವರವಿಲ್ಲದ ಗರ್ಭಿಣಿ ಸುಮ್ಮನೆ ಇಂಥ ಪರೀಕ್ಷೆ ಮಾಡಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಜ್ವರ ಇಳಿದು, ಕೆಲವು ದಿನ ಬಿಟ್ಟು ಮತ್ತೆ ಏರುತ್ತಿದ್ದರೆ ಮರುಕಳಿಸುವ ಜ್ವರದ ಸಾಧ್ಯತೆಯನ್ನು ನೆನಪಿಸಿ. ಪೂರ್ವ ಆಫ್ರಿಕಾದಲ್ಲಿ ಮೆದುಮೈಯ ಉಣುಗುಗಳು ಹರಡುವ ಈ ಸೋಂಕು ಗರ್ಭಕ್ಕೆ ಬಹಳ ಅಪಾಯಕಾರಿ, ಜ್ವರ ಏರಿದ ಹೊತ್ತಿನಲ್ಲಿ ತೆಗೆದ ರಕ್ತದ ಲೇಪನದಲ್ಲಿ ಸೂಕ್ಷ್ಮದರ್ಶಕದಡಿ ನೇರವಾಗಿ ಕಾಣಸಿಗುತ್ತದೆ.

ಔಷಧದ ಮಾತು

ಗರ್ಭಿಣಿಯರಲ್ಲದವರಿಗೆ ಈ ಜ್ವರಗಳಿಗೆ ಡಾಕ್ಸಿಸೈಕ್ಲಿನ್ ಮೊದಲ ಆಯ್ಕೆ. ಗರ್ಭದಲ್ಲಿ ಇದನ್ನು ತಪ್ಪಿಸುವುದು ರೂಢಿ, ಏಕೆಂದರೆ ಇದೇ ಗುಂಪಿನ ಹಳೆಯ ಟೆಟ್ರಾಸೈಕ್ಲಿನ್ ಔಷಧಗಳು ಮಗುವಿನ ಹಲ್ಲಿನ ಬಣ್ಣವನ್ನೂ ಮೂಳೆಯ ಬೆಳವಣಿಗೆಯನ್ನೂ ಕೆಡಿಸಿದ್ದವು, ತಾಯಿಯ ಲಿವರ್‌ಗೂ ಪೆಟ್ಟು ಕೊಟ್ಟಿದ್ದವು. ಆದ್ದರಿಂದ ಸ್ಕ್ರಬ್ ಟೈಫಸ್ ಇರುವ ಗರ್ಭಿಣಿಗೆ ಅಜಿತ್ರೊಮೈಸಿನ್ ಕೊಡುತ್ತಾರೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮ್ಯೂರಿನ್ ಟೈಫಸ್ಸಿನಲ್ಲಿ ಅಷ್ಟು ನಿಶ್ಚಿಂತೆಯಿಲ್ಲ: ಲಾವೋಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಜಿತ್ರೊಮೈಸಿನ್ ಡಾಕ್ಸಿಸೈಕ್ಲಿನ್‌ಗಿಂತ ಸ್ಪಷ್ಟವಾಗಿ ಹಿಂದೆ ಬಿತ್ತು. ಮಾರಕ ಚುಕ್ಕೆ ಜ್ವರದ ಶಂಕೆ ಇದ್ದರೆ ಗರ್ಭವಿದ್ದರೂ ಅಲ್ಪಾವಧಿಗೆ ಡಾಕ್ಸಿಸೈಕ್ಲಿನ್ ಕೊಡುವುದನ್ನು ತಜ್ಞರು ಪರಿಗಣಿಸುತ್ತಾರೆ, ಏಕೆಂದರೆ ಆ ಜ್ವರದಲ್ಲಿ ಮೊದಲ ಐದು ದಿನದೊಳಗಿನ ಚಿಕಿತ್ಸೆಯೇ ಜೀವ ಉಳಿಸುವಂಥದ್ದು, ತಾಯಿ ಉಳಿಯದೆ ಮಗು ಉಳಿಯದು. ಈ ತೂಗಿನೋಟ ವೈದ್ಯರದ್ದು. ಗರ್ಭಿಣಿಯೂ ಮನೆಯವರೂ ಕೇಳಬೇಕಾದ ಪ್ರಶ್ನೆ "ಈ ಔಷಧ ಗರ್ಭಕ್ಕೆ ಸುರಕ್ಷಿತವೇ" ಎಂಬುದೊಂದೇ ಅಲ್ಲ, "ಕೊಡದಿದ್ದರೆ ಏನಾಗಬಹುದು" ಎಂಬುದೂ ಹೌದು.

ವರದಿಗಾಗಿ ಕಾಯದೆ ವೈದ್ಯರು ಚಿಕಿತ್ಸೆ ಆರಂಭಿಸಿದರೆ ಆತುರವೆಂದು ತಿಳಿಯಬೇಡಿ. ಇಲ್ಲಿ ಅದೇ ಸರಿಯಾದ ಕ್ರಮ. ಔಷಧ ತಾಗಿದರೆ ಬಹುತೇಕರಲ್ಲಿ ಎರಡು-ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಮತ್ತೆ ಹೋಗಿ ತೋರಿಸಿ, ರೋಗನಿರ್ಣಯವನ್ನೇ ಇನ್ನೊಮ್ಮೆ ಯೋಚಿಸಬೇಕಾಗಬಹುದು. ಉಸಿರಾಟಕ್ಕೆ ಕಷ್ಟ, ಮಂಪರು, ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು, ಮಗುವಿನ ಚಲನೆ ಕುಗ್ಗುವುದು, ಅವಧಿಗೆ ಮುಂಚೆ ಹೊಟ್ಟೆ ಬಿಗಿದು ನೋಯುವುದು ಇವುಗಳಲ್ಲಿ ಯಾವುದೇ ಕಂಡರೂ ರಾತ್ರಿಯಾದರೂ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ಜ್ವರ ವಾಸಿಯಾದ ಮೇಲೂ ಮಗುವಿನ ಬೆಳವಣಿಗೆ ನೋಡಲು ಸ್ಕ್ಯಾನಿಂಗ್ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿ.

ಹೆರಿಗೆಯ ನಂತರ

ಸ್ಕ್ರಬ್ ಟೈಫಸ್ ತಾಯಿಯಿಂದ ಮಗುವಿಗೆ ಹೆರಿಗೆಗೆ ಮುಂಚೆಯೇ ದಾಟಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಗರ್ಭದ ಕೊನೆಯ ವಾರಗಳಲ್ಲಿ ಈ ಜ್ವರ ಬಂದಿದ್ದರೆ ತಾಯಿಯ ವರದಿ ಮತ್ತು ಔಷಧದ ಚೀಟಿಗಳನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಮಗುವಿಗೆ ಮೊದಲ ವಾರಗಳಲ್ಲಿ ಮೈ ಬಿಸಿಯಾದರೆ ಅಥವಾ ಹಾಲು ಕುಡಿಯುವುದು ಕಡಿಮೆಯಾದರೆ ಕೂಡಲೇ ಕರೆದೊಯ್ಯಿರಿ. ಅಜಿತ್ರೊಮೈಸಿನ್ ತೆಗೆದುಕೊಳ್ಳುತ್ತಿರುವ ತಾಯಿ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಎರಡು ತಿಂಗಳು ತುಂಬದ ಮಗುವಿನ ಮೈಗೆ ಕೀಟನಿವಾರಕ ಹಚ್ಚುವಂತಿಲ್ಲ. ತಾಯಿ ಹಚ್ಚಿಕೊಳ್ಳುವುದಾದರೆ ಎದೆ ಮತ್ತು ಕೈಗಳನ್ನು ಬಿಟ್ಟು ಹಚ್ಚಿಕೊಳ್ಳಬೇಕು. ಮಗುವನ್ನು ಮಲಗಿಸುವ ತೊಟ್ಟಿಲನ್ನು ಗೋಡೆಯಿಂದ ಒಂದಷ್ಟು ದೂರದಲ್ಲಿರಿಸಿ, ಸೊಳ್ಳೆಪರದೆಯ ಅಂಚು ನೆಲಕ್ಕೆ ತಾಗದಂತೆ ಹಾಸಿಗೆಯಡಿ ಸಿಕ್ಕಿಸಿ, ನಾಯಿ-ಬೆಕ್ಕಿನ ತಿಂಗಳ ಔಷಧದ ಮುಂದಿನ ದಿನಾಂಕವನ್ನು ಮಗುವಿನ ಲಸಿಕೆಯ ಕಾರ್ಡಿನ ಜೊತೆಗೇ ಬರೆದಿಟ್ಟುಕೊಂಡರೆ ಎರಡೂ ಮರೆಯುವುದಿಲ್ಲ.